ಫ್ಲೈಟ್ ಸಿಮ್‌ನಲ್ಲಿ ಮುಸ್ಸಂಜೆಯ ಬಣ್ಣ ಸರಿ ಬರುತ್ತಿಲ್ವಾ? ಹೀಗೆ ಹುಡುಕಿ

ಫ್ಲೈಟ್ ಸಿಮ್, ಅಂದರೆ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಸಿಮ್ಯುಲೇಟರ್‌ನಲ್ಲಿ, ಡಿಸೆಂಬರ್ ಸಂಜೆ ಮಂಗಳೂರಿನ ರನ್‌ವೇ 24ಕ್ಕೆ (ಸುಮಾರು 240 ಡಿಗ್ರಿ ದಿಕ್ಕಿಗೆ ಮುಖ ಮಾಡಿದ್ದು) ಇಳಿಯುವುದು ಅಂದರೆ ನನಗೆ ತುಂಬಾ ಇಷ್ಟ. ಆ ತಿಂಗಳ ಕೊನೆಯಲ್ಲಿ ಅಲ್ಲಿ ಸೂರ್ಯ ಸುಮಾರು 246 ಡಿಗ್ರಿ ದಿಕ್ಕಿನಲ್ಲಿ ಮುಳುಗುತ್ತಾನೆ. ಅಂದರೆ ವಿಮಾನದ ಮೂತಿಗೆ ಹೆಚ್ಚುಕಡಿಮೆ ನೇರ, ಕೊಂಚ ಬಲಕ್ಕೆ. ಗುಡ್ಡದ ತಲೆಯ ಮೇಲೆ ರನ್‌ವೇ, ಅದರಾಚೆ ತೆಂಗಿನ ತೋಟ, ಅದರಾಚೆ ಸಮುದ್ರ, ಅದರ ಮೇಲೆ ಕೆಂಪು ಸೂರ್ಯ. ಆ ಹೊತ್ತಲ್ಲಿ ಆಕಾಶ ಬೂದಿ ಎರಚಿದ ಹಾಗೆ ಕಂಡರೆ, ಅಥವಾ ಕುಂಕುಮದ ಡಬ್ಬಿ ಮಗುಚಿದ ಹಾಗೆ ಕಂಡರೆ, ಇಡೀ ಹಾರಾಟದ ಖುಷಿಯೇ ಹೋಗುತ್ತದೆ.

ಬಣ್ಣ ಕೆಟ್ಟ ಕೂಡಲೇ ಎಲ್ಲರೂ ಹವಾಮಾನದ ಆ್ಯಡ್‌ಆನ್ (ಸಿಮ್‌ಗೆ ಬೇರೆಯಾಗಿ ಸೇರಿಸುವ ತಂತ್ರಾಂಶ) ಮೇಲೆ ಅನುಮಾನ ಪಡುತ್ತಾರೆ. ಅದನ್ನು ಕಿತ್ತು ಹಾಕಿ ಮತ್ತೆ ಹಾಕುತ್ತಾರೆ, ಸರಿಹೋಗದೆ ಇನ್ನೊಂದನ್ನು ಕೊಳ್ಳುತ್ತಾರೆ. ನಾನು ನೋಡಿದ ಮಟ್ಟಿಗೆ ಹೆಚ್ಚಿನ ಸಲ ದೋಷ ಅಲ್ಲಿರುವುದಿಲ್ಲ. ಒಂದೇ ಆಕಾಶಕ್ಕೆ ಹಲವು ಕೈಗಳು ಬಣ್ಣ ಬಳಿಯುತ್ತಿರುತ್ತವೆ, ಅದೇ ತೊಂದರೆ. ಹವಾಮಾನದ ಎಂಜಿನ್ ಮಂಜು, ಮೋಡ, ಗೋಚರತೆ ಕೊಡುತ್ತದೆ. ಟೆಕ್ಸ್ಚರ್ ಪ್ಯಾಕ್ ಆಕಾಶದ ಮತ್ತು ಮೋಡದ ಚಿತ್ರ ಕೊಡುತ್ತದೆ. ಶೇಡರ್ ಬೆಳಕಿನ ಲೆಕ್ಕ ಮಾಡುತ್ತದೆ. ಕೊನೆಗೆ ವಿಂಡೋಸ್ ಮತ್ತು ಮಾನಿಟರ್ ಸೇರಿ ಅದನ್ನೆಲ್ಲ ಇನ್ನೊಂದು ಸಲ ಬದಲಿಸುತ್ತವೆ. ಯಾವ ಕೈ ತಪ್ಪು ಬಣ್ಣ ಬಳಿಯುತ್ತಿದೆ ಎಂದು ಗೊತ್ತಾದರೆ ಮುಕ್ಕಾಲು ಕೆಲಸ ಮುಗಿದ ಹಾಗೆ. ಈ ಬರಹ ಪೂರ್ತಿ ಅದನ್ನು ಕಂಡುಹಿಡಿಯುವ ದಾರಿ.

ಏನನ್ನೂ ಮುಟ್ಟುವ ಮುಂಚೆ

ಒಂದು ಪರೀಕ್ಷೆಯ ಸನ್ನಿವೇಶ ಮಾಡಿಟ್ಟುಕೊಳ್ಳಿ. ಒಂದೇ ವಿಮಾನ ನಿಲ್ದಾಣ, ಒಂದೇ ದಿನಾಂಕ, ಸೂರ್ಯಾಸ್ತಕ್ಕೆ ಹತ್ತು ನಿಮಿಷ ಮುಂಚಿನ ಸಮಯ, ಒಂದೇ ಕ್ಯಾಮೆರಾ ಕೋನ. ಅದನ್ನು ಸೇವ್ ಮಾಡಿ. ಪ್ರತಿ ಬದಲಾವಣೆ ಆದಮೇಲೂ ಅದನ್ನೇ ತೆರೆದು ನೋಡಿ. ಇವತ್ತು ಒಂದು ಊರಿನ ಸಂಜೆ, ನಾಳೆ ಇನ್ನೊಂದು ಊರಿನ ಸಂಜೆ ನೋಡಿ ಹೋಲಿಸಿದರೆ ಯಾವುದು ಸೆಟ್ಟಿಂಗ್‌ನಿಂದ ಬದಲಾಯಿತು, ಯಾವುದು ಹವಾಮಾನದಿಂದ ಬದಲಾಯಿತು ಎಂದು ಹೇಳಲು ಆಗುವುದೇ ಇಲ್ಲ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಬದಲಿಸುವ ಫೋಲ್ಡರ್ ಯಾವುದೇ ಇರಲಿ, ಮೊದಲು ಅದರ ನಕಲು ಬೇರೆ ಕಡೆ ಇಟ್ಟುಕೊಳ್ಳಿ. ಶೇಡರ್ ಫೈಲ್‌ಗಳ ವಿಷಯದಲ್ಲಿ ಇದನ್ನು ಬಿಡಲೇಬೇಡಿ.

ಇನ್ನೊಂದು ಮಾತು, ಹೋಲಿಕೆಗಾಗಿ ನಿಜವಾದ ಸೂರ್ಯನನ್ನು ದಿಟ್ಟಿಸಬೇಡಿ. ಸೂರ್ಯ ಮುಳುಗಿದ ಮೇಲಿನ ಹದಿನೈದು ಇಪ್ಪತ್ತು ನಿಮಿಷ ಆಕಾಶ ನೋಡಿ. ಬಣ್ಣ ಕಲಿಯಲು ಅದೇ ಸರಿಯಾದ ಹೊತ್ತು, ಕಣ್ಣಿಗೂ ಅಪಾಯವಿಲ್ಲ.

ಪರದೆಯೆಲ್ಲ ಹಳದಿಯಾಗಿ ಕಾಣುತ್ತಿದೆ, ಸಂಜೆ ಮಾತ್ರ ಹೀಗೆ

ಒಂದು ಪೈಸೆ ಖರ್ಚಿಲ್ಲದ ಪರೀಕ್ಷೆ ಇದು. ಸಿಮ್‌ನ ಸ್ಕ್ರೀನ್‌ಶಾಟ್ ತೆಗೆದು ಫೋನಿಗೆ ಕಳಿಸಿ, ಫೋನಿನಲ್ಲಿ ನೋಡಿ. ಫೋನಿನಲ್ಲಿ ಬಣ್ಣ ಚೆನ್ನಾಗಿದ್ದರೆ ಸಿಮ್ ಸರಿಯಿದೆ, ಕೆಟ್ಟಿರುವುದು ಮಾನಿಟರ್ ಅಥವಾ ವಿಂಡೋಸ್ ಸೆಟ್ಟಿಂಗ್. ಫೋನಿನಲ್ಲೂ ಕೆಟ್ಟಿದ್ದರೆ ದೋಷ ಸಿಮ್‌ನ ಒಳಗಿದೆ. ಫೋನಿನಲ್ಲಿ ಕಣ್ಣಿಗೆ ಹಿತವಾಗಲಿ ಎಂದು ಬೆಚ್ಚಗಿನ ಬಣ್ಣದ ಮೋಡ್ ಹಾಕಿದ್ದರೆ ಅದನ್ನು ಮೊದಲು ತೆಗೆಯಿರಿ.

ವಿಂಡೋಸ್‌ನಲ್ಲಿ ನೈಟ್ ಲೈಟ್ ಎಂಬ ಸೌಲಭ್ಯವಿದೆ. ಅದನ್ನು ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ತಾನಾಗಿಯೇ ಆನ್ ಆಗುವ ಹಾಗೆ ಇಡಬಹುದು. ಸ್ಕ್ರೀನ್‌ಶಾಟ್‌ನಲ್ಲಿ ಅದರ ಹಳದಿ ಬರುವುದಿಲ್ಲ, ಹಾಗಾಗಿ ಫೋನಿನ ಪರೀಕ್ಷೆ ಇದನ್ನು ಕೂಡಲೇ ಹಿಡಿಯುತ್ತದೆ. ನಾನು ಎರಡು ವಾರ ಇದೇ ದೋಷದ ಹಿಂದೆ ಬಿದ್ದಿದ್ದೆ. ಭಾನುವಾರ ಬೆಳಿಗ್ಗೆ ಹಾರಿದರೆ ಸೂರ್ಯಾಸ್ತ ಚೆನ್ನ, ವಾರದ ದಿನ ಕೆಲಸ ಮುಗಿಸಿ ಬಂದು ರಾತ್ರಿ ಎಂಟಕ್ಕೆ ಅದೇ ಹಾರಾಟ ತೆರೆದರೆ ನೀಲಿಯೇ ಇಲ್ಲ, ಎಲ್ಲವೂ ಅರಿಶಿನ. ಟೆಕ್ಸ್ಚರ್ ಮೂರು ಸಲ ಬದಲಿಸಿದೆ. ಕೊನೆಗೆ ಸ್ಕ್ರೀನ್‌ಶಾಟ್ ಫೋನಿನಲ್ಲಿ ನೋಡಿದಾಗ ಗೊತ್ತಾಯಿತು.

ಮಾನಿಟರ್‌ನ ಸ್ವಂತ ಬಟನ್‌ಗಳಲ್ಲೂ ಓದುವ ಮೋಡ್, ಸಿನಿಮಾ ಮೋಡ್, ಗೇಮ್ ಮೋಡ್ ಅಂತ ಇರುತ್ತವೆ. ಸಾಮಾನ್ಯ ಮೋಡ್‌ಗೆ ತಂದು ಮುಂದೆ ಹೋಗಿ.

ಬಣ್ಣ ಮಾಸಿದೆ, ಬೂದು ಬೂದು, ಕಪ್ಪು ಕೂಡ ಕಪ್ಪಾಗಿಲ್ಲ

ಇಲ್ಲಿ ಎರಡು ಬೇರೆ ಬೇರೆ ದೋಷಗಳು ಒಂದೇ ಥರ ಕಾಣುತ್ತವೆ. ಬೇರ್ಪಡಿಸಲು ಕಾಕ್‌ಪಿಟ್ ನೋಡಿ. ಕಾಕ್‌ಪಿಟ್‌ನ ಕಪ್ಪು ಭಾಗಗಳೂ ಬೂದು ಬಣ್ಣಕ್ಕೆ ತಿರುಗಿದ್ದರೆ ದೋಷ ಪರದೆಯದ್ದು. ಕಾಕ್‌ಪಿಟ್ ಗಟ್ಟಿ ಕಪ್ಪಾಗಿದ್ದು ಹೊರಗಿನ ಆಕಾಶ ಮಾತ್ರ ಮಾಸಿದ್ದರೆ ದೋಷ ಹವಾಮಾನದ್ದು.

ಪರದೆಯದ್ದಾದರೆ ಮೊದಲು ಎಚ್‌ಡಿಆರ್ (ಹೆಚ್ಚು ಬೆಳಕು, ಹೆಚ್ಚು ಬಣ್ಣ ತೋರಿಸುವ ಪರದೆಯ ಮೋಡ್) ನೋಡಿ. ವಿಂಡೋಸ್ ಕೀ, ಆಲ್ಟ್, ಬಿ ಮೂರನ್ನೂ ಒಟ್ಟಿಗೆ ಒತ್ತಿದರೆ ಎಚ್‌ಡಿಆರ್ ಆನ್ ಆಫ್ ಆಗುತ್ತದೆ. ವಿಂಡೋಸ್‌ನಲ್ಲಿ ಎಚ್‌ಡಿಆರ್ ಇದ್ದು ಸಿಮ್‌ನಲ್ಲಿ ಇಲ್ಲದಿದ್ದರೆ, ಅಥವಾ ಮಾನಿಟರ್ ಹೆಸರಿಗೆ ಮಾತ್ರ ಎಚ್‌ಡಿಆರ್ ಆಗಿದ್ದು ಬೆಳಕು ಸಾಲದಿದ್ದರೆ, ಸಂಜೆಯ ಕಿತ್ತಳೆ ಹಾಲು ಬೆರೆಸಿದ ಹಾಗೆ ಪೇಲವವಾಗಿ ಕಾಣುತ್ತದೆ. ಎಚ್‌ಡಿಆರ್ ಬೇಕೇ ಬೇಕು ಅನ್ನುವವರು ವಿಂಡೋಸ್ 11ಕ್ಕೆ ಸಿಗುವ ಉಚಿತ ಎಚ್‌ಡಿಆರ್ ಕ್ಯಾಲಿಬ್ರೇಷನ್ ಆ್ಯಪ್ ಒಮ್ಮೆ ಓಡಿಸಿ. ಎಚ್‌ಡಿಆರ್ ಆನ್ ಇರುವಾಗ ತೆಗೆದ ಸ್ಕ್ರೀನ್‌ಶಾಟ್ ನಂಬಬೇಡಿ, ಅದು ತಾನಾಗಿಯೇ ಮಾಸಿ ಅಥವಾ ಸುಟ್ಟ ಹಾಗೆ ಬರುವುದುಂಟು.

ಎಚ್‌ಡಿಆರ್ ಇಲ್ಲದೆಯೂ ಹೀಗೆ ಕಂಡರೆ ಗ್ರಾಫಿಕ್ಸ್ ಕಾರ್ಡಿನ ಕಂಟ್ರೋಲ್ ಪ್ಯಾನೆಲ್ ತೆರೆದು ಔಟ್‌ಪುಟ್ ಡೈನಾಮಿಕ್ ರೇಂಜ್ ನೋಡಿ. ಅಲ್ಲಿ ಲಿಮಿಟೆಡ್ ಎಂದಿದ್ದರೆ 0ಯಿಂದ 255ರ ಬದಲು 16ರಿಂದ 235ರವರೆಗಿನ ಬೆಳಕು ಮಾತ್ರ ಹೋಗುತ್ತದೆ. ಟಿವಿಯನ್ನು ಎಚ್‌ಡಿಎಂಐನಲ್ಲಿ ಜೋಡಿಸಿಕೊಂಡು ಹಾರುವವರಿಗೆ ಇದು ಜಾಸ್ತಿ ಕಾಡುತ್ತದೆ. ಫುಲ್ ಮಾಡಿ. ಟಿವಿ ಕಡೆಯೂ ಅದಕ್ಕೆ ಹೊಂದುವ ಹಾಗೆ ಇರಬೇಕು. ಒಂದು ಕಡೆ ಫುಲ್, ಇನ್ನೊಂದು ಕಡೆ ಲಿಮಿಟೆಡ್ ಆದರೆ ಈ ಸಲ ಕತ್ತಲೆಲ್ಲ ಒಂದೇ ಮುದ್ದೆಯಾಗುತ್ತದೆ.

ಈಗ ಹವಾಮಾನದ ಮಾತು. ಸ್ವಲ್ಪ ನಿಧಾನವಾಗಿ ಓದಿ, ಯಾಕೆಂದರೆ ಸೆಟ್ಟಿಂಗ್ ಎಲ್ಲಾ ಸರಿಯಿದ್ದವರ ಸಂಜೆಯೂ ಇಲ್ಲಿ ಕೆಡುತ್ತದೆ.

ಸೂರ್ಯ ನೆತ್ತಿಯ ಮೇಲಿದ್ದಾಗ ಬೆಳಕು ದಾಟುವ ಗಾಳಿಗಿಂತ, ದಿಗಂತದಲ್ಲಿದ್ದಾಗ ದಾಟುವ ಗಾಳಿ ಸುಮಾರು 38 ಪಟ್ಟು. ಅಷ್ಟು ದೂರ ಬರುವಾಗ ನೀಲಿ ಬೆಳಕು ದಾರಿಯಲ್ಲೇ ಚದುರಿಹೋಗುತ್ತದೆ, ನೀಲಿ ಕೆಂಪಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಚದುರುತ್ತದೆ. ಉಳಿದದ್ದು ಹಳದಿ, ಕಿತ್ತಳೆ, ಕೆಂಪು. ಗಾಳಿಯ ಅಣುಗಳು ಹೀಗೆ ಮಾಡಿದರೆ ಬಣ್ಣ ಶುದ್ಧವಾಗಿರುತ್ತದೆ. ಆದರೆ ಧೂಳು, ಹೊಗೆ, ತೇವ ತುಂಬಿದ ಕಣಗಳು ಎಲ್ಲಾ ಬಣ್ಣವನ್ನೂ ಹೆಚ್ಚುಕಡಿಮೆ ಸಮನಾಗಿ ಚದುರಿಸುತ್ತವೆ. ಆಗ ಬರುವುದು ಬಿಳುಪು ಕಂದು. ಊರಿನ ಹೊಗೆ ಧೂಳು ಜಾಸ್ತಿ ಇದ್ದ ದಿನ ಸೂರ್ಯನ ಬಿಂಬ ಕೆಂಪಾಗಿರುತ್ತದೆ, ಸುತ್ತಲಿನ ಆಕಾಶ ಮಾತ್ರ ಕೊಳೆ ನೀರಿನ ಬಣ್ಣ. ಧೂಳಿದ್ದರೆ ಸೂರ್ಯಾಸ್ತ ಇನ್ನೂ ಚೆನ್ನ ಎಂದು ಹೇಳುವವರಿದ್ದಾರೆ, ನೆಲದ ಹತ್ತಿರದ ಧೂಳಿನ ವಿಷಯದಲ್ಲಿ ಅದು ತಪ್ಪು. ಮಳೆ ಬಂದು ಗಾಳಿ ತೊಳೆದು ಹೋದ ಸೆಪ್ಟೆಂಬರ್, ಅಕ್ಟೋಬರ್ ಸಂಜೆ ನೆನಪಿಸಿಕೊಳ್ಳಿ. ಮೇಲೆ ಎತ್ತರದಲ್ಲಿ ಹತ್ತಿ ಎಳೆದ ಹಾಗೆ ಮೋಡ, ಕೆಳಗೆ ಶುಭ್ರ. ಒಳ್ಳೆಯ ಬಣ್ಣ ಬರುವುದು ಆಗ.

ಹಾಗಾಗಿ ಆಕಾಶ ಮಾಸಿದೆ ಎಂದಾಗ ಮೊದಲು ಆ ನಿಲ್ದಾಣದ ಮೆಟಾರ್ (ವಿಮಾನ ನಿಲ್ದಾಣದ ಹವಾಮಾನ ವರದಿ) ಓದಿ. ಗೋಚರತೆ 4000 ಅಥವಾ 5000 ಮೀಟರ್ ಎಂದಿದ್ದು ಪಕ್ಕದಲ್ಲಿ ಎಚ್‌ಝಡ್ ಎಂದಿದ್ದರೆ ಅದು ಮಬ್ಬು. ನಿಮ್ಮ ಆ್ಯಡ್‌ಆನ್ ನಿಜವನ್ನೇ ತೋರಿಸುತ್ತಿದೆ. ಅಲ್ಲಿ ರಿಪೇರಿ ಮಾಡಲು ಏನೂ ಇಲ್ಲ.

ಆದರೆ ಮೆಟಾರ್‌ನಲ್ಲಿ 9999 ಎಂದಿದ್ದೂ ಆಕಾಶ ಮಾಸಿದ್ದರೆ? 9999 ಅಂದರೆ 10 ಕಿಲೋಮೀಟರ್ ಅಥವಾ ಅದಕ್ಕಿಂತ ಹೆಚ್ಚು. ನಿಜದಲ್ಲಿ ಅವತ್ತು 60 ಕಿಲೋಮೀಟರ್ ಕಾಣುತ್ತಿರಬಹುದು, ಮೆಟಾರ್ ಅದನ್ನು ಹೇಳುವುದಿಲ್ಲ. ಹವಾಮಾನ ಎಂಜಿನ್ ಇದನ್ನು ಬರೀ 10 ಕಿಲೋಮೀಟರ್ ಎಂದೇ ತೆಗೆದುಕೊಂಡರೆ ಶುಭ್ರ ಸಂಜೆಗೂ ಮಬ್ಬಿನ ಪರದೆ ಬೀಳುತ್ತದೆ. ಎಫ್‌ಎಸ್‌ಎಕ್ಸ್, ಪ್ರಿಪೇರ್‌ತ್ರೀಡಿ ಎಂಬ ಹಳೆಯ ಸಿಮ್‌ಗಳ ಕಾಲದ ಹವಾಮಾನ ಎಂಜಿನ್‌ಗಳಲ್ಲಿ ಗರಿಷ್ಠ ಗೋಚರತೆ ಎಷ್ಟು, ನೆಲದ ಹತ್ತಿರ ಎಷ್ಟು, ಮೇಲೆ ಎಷ್ಟು ಎಂದು ಕೊಡುವ ಜಾಗ ಇರುವುದು ಇದಕ್ಕೇ. ಅಲ್ಲಿ ಅಂಕಿ ತೀರಾ ಕಡಿಮೆ ಇದ್ದರೆ ಏರಿಸಿ, ಅದೇ ಸಂಜೆ ಮತ್ತೆ ನೋಡಿ. ಬಣ್ಣ ವಾಪಸ್ ಬಂದರೆ ಕಾರಣ ಸಿಕ್ಕಿತು.

ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2020 ಮತ್ತು 2024ರಲ್ಲಿ ಹವಾಮಾನದ ಪ್ಯಾನೆಲ್ ಒಳಗೆ ಏರೋಸಾಲ್ (ಗಾಳಿಯಲ್ಲಿ ತೇಲುವ ಧೂಳು, ಹೊಗೆಯ ಕಣ) ಸಾಂದ್ರತೆಯ ಸ್ಲೈಡರ್ ಇದೆ. ಪರೀಕ್ಷೆಗೆ ಲೈವ್ ಹವಾಮಾನ ಬಿಟ್ಟು ಶುಭ್ರ ಆಕಾಶ ಆಯ್ದುಕೊಂಡು ಅದನ್ನು ಪೂರ್ತಿ ಇಳಿಸಿ ನೋಡಿ, ಆಮೇಲೆ ಸ್ವಲ್ಪ ಸ್ವಲ್ಪ ಏರಿಸಿ. ಮಬ್ಬು ಆಕಾಶವನ್ನು ಹೇಗೆ ತಿನ್ನುತ್ತದೆ ಎಂಬುದು ಐದೇ ನಿಮಿಷದಲ್ಲಿ ಕಣ್ಣಿಗೆ ಅರ್ಥವಾಗುತ್ತದೆ.

ಹೊತ್ತು ತಪ್ಪಿ ಮುಳುಗುತ್ತದೆ, ಅಥವಾ ಬೇಗ ಕತ್ತಲಾಗುತ್ತದೆ

ಬಣ್ಣ ಸರಿ, ಸಮಯ ತಪ್ಪು. ಮೊದಲು ದಿನಾಂಕ ನೋಡಿ. ಬೆಂಗಳೂರಿನಲ್ಲಿ ನವೆಂಬರ್ ಕೊನೆಗೆ ಸೂರ್ಯ ಸುಮಾರು 5:50ಕ್ಕೆ ಮುಳುಗಿದರೆ, ಜುಲೈ ಮೊದಲ ವಾರ ಸುಮಾರು 6:50ಕ್ಕೆ. ಸಿಮ್‌ನಲ್ಲಿ ಹಳೆಯ ದಿನಾಂಕ ಕೂತಿದ್ದರೆ ಒಂದು ಗಂಟೆಯ ವ್ಯತ್ಯಾಸ ಅಲ್ಲೇ ಬರುತ್ತದೆ. ಆಮೇಲೆ ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣಿತ ಸಮಯ) ನೋಡಿ. ಭಾರತದ ಸಮಯಕ್ಕೂ ಅದಕ್ಕೂ 5 ಗಂಟೆ 30 ನಿಮಿಷ ಅಂತರ. ಆ ಅರ್ಧ ಗಂಟೆ ತಪ್ಪಿದ್ದರೆ ಟೈಮ್ ಝೋನ್ ದೋಷ, ಆಕಾಶದ ಆ್ಯಡ್‌ಆನ್ ದೋಷ ಅಲ್ಲ.

ದಿನಾಂಕ, ಸಮಯ ಎರಡೂ ಸರಿಯಿದ್ದು ಬೇಗ ಕತ್ತಲಾಯಿತು ಅನಿಸಿದರೆ, ನಮ್ಮ ಕಡೆ ನಿಜವಾಗಿಯೂ ಬೇಗ ಕತ್ತಲಾಗುತ್ತದೆ. ಬೆಂಗಳೂರು 13 ಡಿಗ್ರಿ ಅಕ್ಷಾಂಶದಲ್ಲಿದೆ, ಸೂರ್ಯ ಕಡಿದಾಗಿ ಇಳಿಯುತ್ತಾನೆ. ಸೂರ್ಯ ಮುಳುಗಿ 6 ಡಿಗ್ರಿ ಕೆಳಗೆ ಹೋಗುವವರೆಗಿನ ಮೊದಲ ಸಂಧ್ಯೆ ಇಲ್ಲಿ ಇಪ್ಪತ್ತು ಚಿಲ್ಲರೆ ನಿಮಿಷ ಅಷ್ಟೆ. ಯುರೋಪಿನವರು ಹಾಕುವ ವಿಡಿಯೋ ನೋಡಿ ಗಂಟೆಗಟ್ಟಲೆ ಕೆಂಪು ಇರಬೇಕು ಅಂದುಕೊಂಡಿರುತ್ತೇವೆ. ಹೆಲ್ಸಿಂಕಿಯಲ್ಲಿ ಜೂನ್ ತಿಂಗಳು ರಾತ್ರಿಯಿಡೀ ಪೂರ್ತಿ ಕತ್ತಲಾಗುವುದೇ ಇಲ್ಲ. ಅದು ಅವರ ಆಕಾಶ, ಇದು ನಮ್ಮದು.

ಎತ್ತರವೂ ಲೆಕ್ಕಕ್ಕೆ ಬರುತ್ತದೆ. 35,000 ಅಡಿಯಲ್ಲಿ ದಿಗಂತ ಸುಮಾರು 3 ಡಿಗ್ರಿ ಕೆಳಗೆ ಹೋಗುತ್ತದೆ. ಬೆಂಗಳೂರಿನ ಮೇಲೆ ಅಷ್ಟು ಎತ್ತರದಲ್ಲಿದ್ದರೆ ನೆಲದವರಿಗಿಂತ ಸುಮಾರು 12 ನಿಮಿಷ ತಡವಾಗಿ ಸೂರ್ಯಾಸ್ತ ಕಾಣಬೇಕು. ಪಶ್ಚಿಮಕ್ಕೆ 450 ನಾಟ್ ವೇಗದಲ್ಲಿ ಹೋಗುತ್ತಿದ್ದರೆ ಸೂರ್ಯ ಇಳಿಯುವುದು ಇನ್ನೂ ನಿಧಾನ, ಹೆಚ್ಚುಕಡಿಮೆ ಅರ್ಧ ವೇಗ. ಬೆಂಗಳೂರಿಂದ ದುಬೈಗೆ ಸಂಜೆ ಹೊರಟು ನೋಡಿ, ನಿಜಕ್ಕೂ ಹಾಗೇ ಇರುತ್ತದೆ.

ಬಣ್ಣ ಜಾಸ್ತಿಯಾಗಿದೆ, ಎಲ್ಲವೂ ಕುಂಕುಮ

ಮೊದಲು ಕ್ಯಾಮೆರಾ ಹಿಂದಕ್ಕೆ ತಿರುಗಿಸಿ, ಪೂರ್ವಕ್ಕೆ. ಶುಭ್ರ ಸಂಜೆ ಪೂರ್ವದ ದಿಗಂತದಲ್ಲಿ ಕೆಳಗೆ ನೀಲಿ ಬೂದು ಪಟ್ಟೆ, ಅದರ ಮೇಲೆ ತೆಳು ಗುಲಾಬಿ ಪಟ್ಟೆ ಇರಬೇಕು. ಕೆಳಗಿನದು ಭೂಮಿಯದೇ ನೆರಳು. ನೆತ್ತಿಯ ಮೇಲೆ ಗಾಢ ನೀಲಿ ಉಳಿದಿರಬೇಕು. ಪೂರ್ವವೂ ಕಿತ್ತಳೆ, ನೆತ್ತಿಯೂ ಕಿತ್ತಳೆ, ವಿಮಾನದ ಬಿಳಿ ರೆಕ್ಕೆಯ ನೆರಳಿನ ಭಾಗವೂ ಕಿತ್ತಳೆ ಆಗಿದ್ದರೆ ಯಾರೋ ಇಡೀ ಚಿತ್ರದ ಮೇಲೆ ಬಣ್ಣ ಸುರಿಯುತ್ತಿದ್ದಾರೆ ಎಂದರ್ಥ. ನಿಜದಲ್ಲಿ ನೆರಳಿನ ಭಾಗಕ್ಕೆ ಬೆಳಕು ಬರುವುದು ನೀಲಿ ಆಕಾಶದಿಂದ. ಹಾಗಾಗಿ ನೆರಳು ತಣ್ಣಗಿನ ಬಣ್ಣದಲ್ಲೇ ಇರಬೇಕು. ಆಕಾಶ ಎಷ್ಟು ಸುಂದರವಾಗಿದ್ದರೂ ನಾನು ಮೊದಲು ನೋಡುವುದು ರೆಕ್ಕೆಯ ನೆರಳನ್ನೇ, ಅದು ಸುಳ್ಳು ಹೇಳುವುದಿಲ್ಲ.

ಕಾರಣ ಹುಡುಕುವ ಕ್ರಮ ಹೀಗೆ. ರೀಶೇಡ್ ಥರದ್ದು (ಇಡೀ ಚಿತ್ರದ ಬಣ್ಣ ತಿದ್ದುವ ತಂತ್ರಾಂಶ) ಹಾಕಿದ್ದರೆ ಅದರ ಕೀ ಒತ್ತಿ ಆಫ್ ಮಾಡಿ. ಗ್ರಾಫಿಕ್ಸ್ ಡ್ರೈವರ್‌ನಲ್ಲಿ ಡಿಜಿಟಲ್ ವೈಬ್ರೆನ್ಸ್, ಅಂದರೆ ಬಣ್ಣದ ಗಾಢತೆ, ಏರಿಸಿದ್ದರೆ ಇಳಿಸಿ. ವಿಂಡೋಸ್ 11ರ ಆಟೋ ಎಚ್‌ಡಿಆರ್ ಆಫ್ ಮಾಡಿ, ಅದು ಸೂರ್ಯನ ಸುತ್ತ ಎಲ್ಲವನ್ನೂ ಉರಿಯುವ ಹಾಗೆ ಮಾಡುವುದುಂಟು. ಪ್ರಿಪೇರ್‌ತ್ರೀಡಿಯಲ್ಲಾದರೆ ಎಚ್‌ಡಿಆರ್ ಲೈಟಿಂಗ್ ಕೆಳಗಿನ ಬ್ರೈಟ್‌ನೆಸ್, ಬ್ಲೂಮ್ (ಬೆಳಕಿನ ಸುತ್ತ ಹರಡುವ ಹೊಳಪು), ಸ್ಯಾಚುರೇಷನ್ ಮೂರನ್ನೂ ಮೊದಲಿನ ಸ್ಥಿತಿಗೆ ತನ್ನಿ. ಇಷ್ಟಕ್ಕೂ ಸರಿಹೋಗದಿದ್ದರೆ ಮಾತ್ರ ಶೇಡರ್ ಬದಲಿಸುವ ಆ್ಯಡ್‌ಆನ್ ಕಡೆ ಬನ್ನಿ.

ಅಲ್ಲಿ ಸಾಮಾನ್ಯವಾಗಿ ಆಗುವುದು ಇದು. ಎನ್ವ್‌ಶೇಡ್, ಪಿಟಿಎ ಥರದವು ಸೂರ್ಯಾಸ್ತದ ಬಣ್ಣವನ್ನು ಶೇಡರ್‌ನಲ್ಲಿ ಬದಲಿಸುತ್ತವೆ. ರೆಕ್ಸ್, ಎನ್ವ್‌ಟೆಕ್ಸ್ ಥರದವು ಆಕಾಶದ ಟೆಕ್ಸ್ಚರ್‌ನಲ್ಲೇ ಬೆಚ್ಚಗಿನ ಬಣ್ಣ ತುಂಬಿಸಿರುತ್ತವೆ. ಎರಡೂ ಬೇರೆ ಬೇರೆಯಾಗಿ ಚೆನ್ನಾಗಿರುತ್ತವೆ. ಒಂದು ಪ್ಯಾಕಿನ ಕಡುಗೆಂಪು ಟೆಕ್ಸ್ಚರ್ ಮೇಲೆ ಇನ್ನೊಂದರ ಕೆಂಪು ಶೇಡರ್ ಬಿದ್ದರೆ ಸಾರಿಗೆ ಇಬ್ಬರು ಉಪ್ಪು ಹಾಕಿದ ಹಾಗೆ. ಒಂದನ್ನು ಪೂರ್ತಿ ಮೂಲಕ್ಕೆ ತಂದು ಇನ್ನೊಂದನ್ನು ಮಾತ್ರ ಇಟ್ಟು ನೋಡಿ. ಇಟ್ಟುಕೊಳ್ಳಲು ಒಂದೇ ಆಯ್ಕೆ ಇದೆ ಅಂದರೆ ನಾನು ಶೇಡರ್ ಕಡೆ ಇರುತ್ತೇನೆ, ಅದು ನೆಲ, ಮೋಡ, ವಿಮಾನ ಎಲ್ಲದಕ್ಕೂ ಒಂದೇ ಬೆಳಕು ಕೊಡುತ್ತದೆ.

ಸೂರ್ಯ ದೊಡ್ಡದಾಗಿ ಕಾಣುತ್ತದೆ ಎಂಬ ದೂರಿಗೆ ಒಂದು ಅಳತೆ ಇದೆ. ನಿಜವಾದ ಸೂರ್ಯ ಆಕಾಶದಲ್ಲಿ ಅರ್ಧ ಡಿಗ್ರಿ ಅಗಲ. 1920 ಪಿಕ್ಸೆಲ್ ಅಗಲದ ಪರದೆಯಲ್ಲಿ 60 ಡಿಗ್ರಿ ನೋಟ ಇಟ್ಟರೆ ಬಿಂಬ ಸುಮಾರು 15 ಪಿಕ್ಸೆಲ್ ಬರಬೇಕು. ಸ್ಕ್ರೀನ್‌ಶಾಟ್ ಹಿಗ್ಗಿಸಿ ಎಣಿಸಿ. ಇದರ ನಾಲ್ಕು ಐದು ಪಟ್ಟು ಇದ್ದರೆ ಬ್ಲೂಮ್ ಅಥವಾ ಸೂರ್ಯನ ಟೆಕ್ಸ್ಚರ್ ಕಾರಣ.

ಆಕಾಶದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಪಟ್ಟೆ

ಕಿತ್ತಳೆಯಿಂದ ನೀಲಿಗೆ ನಯವಾಗಿ ಹೋಗಬೇಕಾದಲ್ಲಿ ಪದರ ಪದರ ಕಾಣುವ ದೋಷ. 8 ಬಿಟ್ ಬಣ್ಣದಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು ಮಾತ್ರ. ಮುಸ್ಸಂಜೆಯ ಮಂದ ಬೆಳಕಿನಲ್ಲಿ ಅದರಲ್ಲಿ ಕೆಲವೇ ಮೆಟ್ಟಿಲು ಬಳಕೆಯಾಗುತ್ತವೆ, ಹಾಗಾಗಿ ಹಗಲಲ್ಲಿ ಕಾಣದ ಪಟ್ಟೆ ಸಂಜೆ ಕಾಣುತ್ತದೆ.

ಪಟ್ಟೆಯಲ್ಲಿ ನಡುನಡುವೆ ತೆಳು ಹಸಿರು ಇದೆಯಾ ನೋಡಿ. ಇದ್ದರೆ ಬಹಳ ಮಟ್ಟಿಗೆ ಟೆಕ್ಸ್ಚರ್ ಕುಗ್ಗಿಸಿದ್ದು ಕಾರಣ. ಡಿಎಕ್ಸ್‌ಟಿ1 ಎಂಬ ಕುಗ್ಗಿಸುವ ವಿಧಾನ ಕೆಂಪು ನೀಲಿಗೆ 5 ಬಿಟ್, ಹಸಿರಿಗೆ 6 ಬಿಟ್ ಕೊಡುತ್ತದೆ, ಆ ವ್ಯತ್ಯಾಸವೇ ಹಸಿರಾಗಿ ಕಾಣುತ್ತದೆ. ಟೆಕ್ಸ್ಚರ್ ಪ್ಯಾಕ್‌ನಲ್ಲಿ 32 ಬಿಟ್ ಆಯ್ಕೆ ಇದ್ದರೆ ಆಕಾಶಕ್ಕೆ ಅದನ್ನೇ ಆರಿಸಿ. ಮೋಡಕ್ಕೆ ಅಷ್ಟು ಬೇಕಿಲ್ಲ, ಸುಮ್ನೆ ಮೆಮೊರಿ ತಿನ್ನುತ್ತದೆ.

ಹಸಿರಿಲ್ಲದ ಪಟ್ಟೆಯಾದರೆ ಮಾನಿಟರ್ ಕಡೆ ನೋಡಿ. ಡ್ರೈವರ್‌ನಲ್ಲಿ 10 ಬಿಟ್ ಆಯ್ಕೆ ಬರುತ್ತದೆಯೇ ನೋಡಿ. 4ಕೆ ಪರದೆಯನ್ನು ಹಳೆಯ ಎಚ್‌ಡಿಎಂಐ 2.0ದಲ್ಲಿ 60 ಹರ್ಟ್ಸ್‌ಗೆ ಜೋಡಿಸಿದ್ದರೆ ಪೂರ್ತಿ ಆರ್‌ಜಿಬಿ ಮತ್ತು 10 ಬಿಟ್ ಎರಡೂ ಒಟ್ಟಿಗೆ ಸಿಗುವುದಿಲ್ಲ. ಡಿಸ್‌ಪ್ಲೇಪೋರ್ಟ್ ಇದ್ದರೆ ಅದನ್ನು ಬಳಸಿ. ಮಾನಿಟರ್ 6 ಬಿಟ್ ಪ್ಯಾನೆಲ್ ಆಗಿದ್ದರೆ ಯಾವ ಆ್ಯಡ್‌ಆನ್ ಕೊಂಡರೂ ಪಟ್ಟೆ ಹೋಗುವುದಿಲ್ಲ, ಆ ದುಡ್ಡು ಉಳಿಸಿ.

ದಿಗಂತದಲ್ಲಿ ಗೆರೆ, ಮೋಡಕ್ಕೂ ಆಕಾಶಕ್ಕೂ ಹೊಂದಾಣಿಕೆ ಇಲ್ಲ

ದೂರದ ನೆಲ ಮತ್ತು ಸಮುದ್ರ ಮಂಜಿನ ಬಣ್ಣಕ್ಕೆ ಕರಗುತ್ತವೆ, ಆಕಾಶ ತನ್ನ ಟೆಕ್ಸ್ಚರ್ ಬಣ್ಣದಲ್ಲೇ ಇರುತ್ತದೆ. ಎರಡೂ ಬಣ್ಣ ಒಂದಾಗದಿದ್ದರೆ ನಡುವೆ ಚಾಕುವಿನಲ್ಲಿ ಕೊಯ್ದ ಹಾಗೆ ಗೆರೆ. ಇದು ಹಳೆಯ ಸಿಮ್‌ಗಳ ಕಾಯಿಲೆ. ಹವಾಮಾನ ಎಂಜಿನ್‌ನಲ್ಲಿ ಗೋಚರತೆ ಸ್ವಲ್ಪ ಇಳಿಸಿ ನೋಡಿ, ಗೆರೆ ಮೆತ್ತಗಾದರೆ ಅದೇ ಕಾರಣ. ಮೇಲೆ ಏರಿಸಿ ಎಂದವನು ಇಲ್ಲಿ ಇಳಿಸಿ ಎನ್ನುತ್ತಿದ್ದೇನೆ, ನಿಜ. ಬಣ್ಣ ಗೆರೆ ಎರಡೂ ಹದವಾಗಿರುವ ಅಂಕಿ ನಿಮ್ಮ ಸಿಮ್‌ನಲ್ಲಿ ಎಲ್ಲಿದೆ ಎಂದು ಆ ಪರೀಕ್ಷೆಯ ಹಾರಾಟದಲ್ಲೇ ಹುಡುಕಬೇಕು. ಮೋಡ ಬಿಳಿ, ಆಕಾಶ ಕೆಂಪು ಎಂದಾದರೆ ಮೋಡದ ಪ್ಯಾಕ್ ಒಬ್ಬರದ್ದು, ಆಕಾಶದ ಪ್ಯಾಕ್ ಇನ್ನೊಬ್ಬರದ್ದು ಇರಬಹುದು. ಎರಡನ್ನೂ ಒಂದೇ ಕಡೆಯಿಂದ ಹಾಕಿ ನೋಡಿ.

ಬಣ್ಣ ಥಟ್ಟನೆ ಬದಲಾಗುತ್ತದೆ

ಗಡಿಯಾರ ನೋಡಿ ಬರೆದಿಟ್ಟುಕೊಳ್ಳಿ. ಹೊಸ ಮೆಟಾರ್ ಬಂದ ಹೊತ್ತಿಗೆ ಬದಲಾದರೆ ಹವಾಮಾನ ಎಂಜಿನ್ ಹೊಸ ಮಾಹಿತಿಯನ್ನು ಒಮ್ಮೆಲೇ ಸುರಿಯುತ್ತಿದೆ. ನಮ್ಮ ದೊಡ್ಡ ನಿಲ್ದಾಣಗಳಲ್ಲಿ ಅರ್ಧ ಗಂಟೆಗೊಮ್ಮೆ ಮೆಟಾರ್ ಬರುತ್ತದೆ, ಹಾಗಾಗಿ ಇದು ಕಾಣುವುದೂ ಹಾಗೇ. ಸ್ಮೂತಿಂಗ್ ಆಯ್ಕೆ ಇದ್ದರೆ ಆನ್ ಮಾಡಿ. ಯಾವ ಲೆಕ್ಕಕ್ಕೂ ಸಿಗದೆ ಹಿಂದಕ್ಕೂ ಮುಂದಕ್ಕೂ ಬದಲಾಗುತ್ತಿದ್ದರೆ ಎರಡು ಹವಾಮಾನ ಎಂಜಿನ್ ಒಟ್ಟಿಗೆ ಓಡುತ್ತಿವೆಯೇ ನೋಡಿ. ಸಿಮ್‌ನ ಸ್ವಂತ ಲೈವ್ ಹವಾಮಾನವೂ ಒಂದು ಎಂಜಿನ್ ಎಂಬುದನ್ನು ಮರೆಯಬೇಡಿ.

ಆ್ಯಡ್‌ಆನ್ ಹಾಕಿದರೂ ಏನೂ ಬದಲಾಗಲಿಲ್ಲ

ಹೊಸ ಸಿಮ್‌ನಲ್ಲಿ ಹಳೆಯ ಥರದ ಆಕಾಶ ಇಲ್ಲ. ಎಕ್ಸ್-ಪ್ಲೇನ್ 11ರಲ್ಲಿ ರಿಸೋರ್ಸಸ್ ಫೋಲ್ಡರ್‌ನ ಬಿಟ್‌ಮ್ಯಾಪ್ಸ್ ಒಳಗೆ ಸ್ಕೈಕಲರ್ಸ್ ಎಂಬ ಫೋಲ್ಡರ್ ಇತ್ತು, ಚಿತ್ರ ಬದಲಿಸಿದರೆ ಆಕಾಶ ಬದಲಾಗುತ್ತಿತ್ತು. 2022ರಲ್ಲಿ ಬಂದ ಎಕ್ಸ್-ಪ್ಲೇನ್ 12ರಲ್ಲಿ ಆಕಾಶವನ್ನು ಲೆಕ್ಕ ಹಾಕಿ ಬರೆಯುತ್ತಾರೆ. ಪ್ರಿಪೇರ್‌ತ್ರೀಡಿ 5ರಲ್ಲಿ ಎನ್‌ಹ್ಯಾನ್ಸ್‌ಡ್ ಅಟ್ಮಾಸ್ಫೆರಿಕ್ಸ್ ಆನ್ ಮಾಡಿದರೆ ಆಕಾಶದ ಟೆಕ್ಸ್ಚರ್ ಕೆಲಸಕ್ಕೆ ಬರುವುದಿಲ್ಲ. ಮೈಕ್ರೋಸಾಫ್ಟ್‌ನ 2020, 2024ರಲ್ಲೂ ಆಕಾಶ ಲೆಕ್ಕದ್ದೇ. ಅಲ್ಲಿ ಹವಾಮಾನದ ಆ್ಯಡ್‌ಆನ್ ಮೋಡ, ಗಾಳಿ, ಮಬ್ಬು ಬದಲಿಸಬಹುದು, ಕೆಂಪಿನ ಛಾಯೆಯನ್ನಲ್ಲ. ಕೊಳ್ಳುವ ಮುಂಚೆಯೇ ಇದು ಗೊತ್ತಿರಲಿ.

ಟೆಕ್ಸ್ಚರ್ ಕೆಲಸ ಮಾಡಬೇಕಾದ ಸಿಮ್‌ನಲ್ಲೂ ಬದಲಾಗದಿದ್ದರೆ ಹಳೆಯ ಶೇಡರ್ ಕ್ಯಾಶ್ (ಸಿಮ್ ಮೊದಲೇ ಕಟ್ಟಿಟ್ಟ ಶೇಡರ್‌ಗಳ ಸಂಗ್ರಹ) ಕೂತಿದೆ. ಸಿಮ್ ಮುಚ್ಚಿ, ನಿಮ್ಮ ವಿಂಡೋಸ್ ಖಾತೆಯ ಲೋಕಲ್ ಆ್ಯಪ್‌ಡೇಟಾ ಒಳಗೆ ಸಿಮ್‌ನ ಹೆಸರಿನ ಫೋಲ್ಡರ್‌ನಲ್ಲಿ ಶೇಡರ್ಸ್ ಎಂಬುದನ್ನು ತೆರೆದು ಒಳಗಿದ್ದದ್ದನ್ನು ಅಳಿಸಿ. ಮತ್ತೆ ತೆರೆದಾಗ ತಾನೇ ಕಟ್ಟಿಕೊಳ್ಳುತ್ತದೆ, ಮೊದಲ ಸಲ ಜಾಸ್ತಿ ಹೊತ್ತು ಹಿಡಿಯುತ್ತದೆ. ಎಚ್ಚರ, ಅಳಿಸಬೇಕಾದ್ದು ಕ್ಯಾಶ್ ಮಾತ್ರ. ಸಿಮ್ ಇನ್‌ಸ್ಟಾಲ್ ಆದ ಜಾಗದಲ್ಲಿರುವ ಶೇಡರ್ಸ್‌ಎಚ್‌ಎಲ್‌ಎಸ್‌ಎಲ್ ಫೋಲ್ಡರ್ ಮೂಲ, ಅದನ್ನು ಅಳಿಸಬಾರದು.

ಆಕಾಶ ಕಪ್ಪು, ಬಣ್ಣದ ಚೌಕಗಳು, ಮಿನುಗು

ಅಪ್‌ಡೇಟ್ ಆದ ಮರುದಿನ ಆಕಾಶ ಕಪ್ಪಾದರೆ ಬದಲಿಸಿದ ಶೇಡರ್ ಹೊಸ ಆವೃತ್ತಿಗೆ ಹೊಂದುತ್ತಿಲ್ಲ. ಬ್ಯಾಕಪ್‌ನಿಂದ ಮೂಲ ಶೇಡರ್ ವಾಪಸ್ ಹಾಕಿ, ಕ್ಯಾಶ್ ಅಳಿಸಿ. ಬ್ಯಾಕಪ್ ಹಳೆಯ ಆವೃತ್ತಿಯದ್ದಾದರೆ ಅದೂ ಹೊಂದುವುದಿಲ್ಲ, ಆಗ ಸಿಮ್‌ನ ರಿಪೇರಿ ಆಯ್ಕೆ ಬಳಸಿ. ಎಕ್ಸ್-ಪ್ಲೇನ್‌ನಲ್ಲಾದರೆ ಇನ್‌ಸ್ಟಾಲರ್ ಓಡಿಸಿದರೆ ಬದಲಾದ ಮೂಲ ಫೈಲ್‌ಗಳನ್ನು ಹುಡುಕಿ ಸರಿಮಾಡುತ್ತದೆ. ಮೈಕ್ರೋಸಾಫ್ಟ್‌ನದ್ದಾದರೆ ಆ್ಯಡ್‌ಆನ್‌ಗಳು ಕೂರುವ ಕಮ್ಯುನಿಟಿ ಫೋಲ್ಡರ್ ಹೆಸರು ಬದಲಿಸಿ, ಖಾಲಿ ಫೋಲ್ಡರ್ ಇಟ್ಟು ನೋಡಿ. ಅದಕ್ಕೂ ಕಪ್ಪಾಗಿದ್ದರೆ ಡಿಸ್ಕ್ ಕ್ಲೀನಪ್‌ನಲ್ಲಿ ಡೈರೆಕ್ಟ್‌ಎಕ್ಸ್ ಶೇಡರ್ ಕ್ಯಾಶ್ ಅಳಿಸಿ.

ಗುಲಾಬಿ ಹಸಿರು ಚೌಕಗಳು, ಚುಕ್ಕೆಗಳು ಬೇರೆ ಆಟದಲ್ಲೂ ಡೆಸ್ಕ್‌ಟಾಪ್‌ನಲ್ಲೂ ಕಂಡರೆ ಅಲ್ಲಿಗೆ ನಿಲ್ಲಿಸಿ. ಓವರ್‌ಕ್ಲಾಕ್ (ಕಾರ್ಡನ್ನು ನಿಗದಿಗಿಂತ ವೇಗವಾಗಿ ಓಡಿಸುವುದು) ತೆಗೆಯಿರಿ, ಕಾರ್ಡಿನ ಬಿಸಿ ನೋಡಿ, ಫ್ಯಾನ್ ತಿರುಗುತ್ತಿದೆಯೇ ನೋಡಿ. ಕಂಪ್ಯೂಟರ್ ಆರಿಸಿ, ಪ್ಲಗ್ ತೆಗೆದು ಧೂಳು ಒರೆಸಬಹುದು. ಆದಮೇಲೂ ಬಂದರೆ ಗ್ರಾಫಿಕ್ಸ್ ಕಾರ್ಡ್ ಅಥವಾ ಪವರ್ ಸಪ್ಲೈ ದೋಷ, ಅಂಗಡಿಗೆ ಒಯ್ಯಿರಿ. ವಾರಂಟಿ ಇದ್ದರೆ ಕಾರ್ಡ್ ಬಿಚ್ಚಬೇಡಿ. ಪವರ್ ಸಪ್ಲೈ ಡಬ್ಬಿ ಮಾತ್ರ ಯಾವತ್ತೂ ತೆರೆಯಬೇಡಿ, ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಕರೆಂಟ್ ಉಳಿದಿರುತ್ತದೆ. ಆಕಾಶ ವೇಗವಾಗಿ ಮಿನುಗುತ್ತಿದ್ದರೆ ಕಣ್ಣು ತಿರುಗಿಸಿ ಸಿಮ್ ಮುಚ್ಚಿ. ಮಿನುಗುವ ಬೆಳಕಿಗೆ ಫಿಟ್ಸ್ ಬರುವವರು ಮನೆಯಲ್ಲಿದ್ದರೆ ಅವರ ಮುಂದೆ ಇದನ್ನು ಪರೀಕ್ಷಿಸಲೇಬೇಡಿ.

ಆಕಾಶ ಸರಿಮಾಡುವ ಪ್ಯಾಕ್ ಎಂದು ಗೊತ್ತಿಲ್ಲದ ಕಡೆಯಿಂದ ಬಂದ ಇನ್‌ಸ್ಟಾಲರ್ ಆ್ಯಂಟಿವೈರಸ್ ಆಫ್ ಮಾಡಿ ಎಂದು ಕೇಳಿದರೆ ಅದನ್ನು ಓಡಿಸಬೇಡಿ.

ಸಹಾಯ ಕೇಳುವಾಗ

ಇಷ್ಟೂ ಮಾಡಿ ಸಿಗದಿದ್ದರೆ ಆ್ಯಡ್‌ಆನ್ ಮಾಡಿದವರಿಗೇ ಬರೆಯಿರಿ. ಬಣ್ಣ ಚೆನ್ನಾಗಿಲ್ಲ ಎಂದಷ್ಟೇ ಬರೆದರೆ ಅವರಿಗೆ ಏನೂ ತಿಳಿಯುವುದಿಲ್ಲ. ಸಿಮ್, ಆ್ಯಡ್‌ಆನ್, ಗ್ರಾಫಿಕ್ಸ್ ಡ್ರೈವರ್ ಮೂರರ ಆವೃತ್ತಿ ಸಂಖ್ಯೆ ಕೊಡಿ. ಆ ಹೊತ್ತಿನ ಮೆಟಾರ್ ಸಾಲನ್ನು ಹಾಗೇ ನಕಲು ಮಾಡಿ ಹಾಕಿ. ಸ್ಕ್ರೀನ್‌ಶಾಟ್ ಒಂದು, ಪರದೆಯನ್ನು ಫೋನಿನಲ್ಲಿ ತೆಗೆದ ಫೋಟೋ ಒಂದು, ಪಶ್ಚಿಮಕ್ಕೂ ಪೂರ್ವಕ್ಕೂ. ನಿಲ್ದಾಣ, ಎತ್ತರ, ದಿನಾಂಕ ಬರೆಯಿರಿ. ಸಮಯವನ್ನು ಯುಟಿಸಿಯಲ್ಲೇ ಕೊಡಿ, ನಮ್ಮ ಸಂಜೆ 6:15 ಯುಟಿಸಿಯಲ್ಲಿ 12:45.